ಗೋಲಿನ ಹಿಂದಿನ ಸ್ಟೂಲು

ಶಹಾಪುರದಲ್ಲಿ ವಾಚ್ ರಿಪೇರಿ ಮಾಡುತ್ತಿದ್ದ ಅವರನ್ನು ಊರೆಲ್ಲ ಚಾಚಾ ಎನ್ನುತ್ತಿತ್ತು. ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಇಲ್ಲದಾಗಲೂ ಎಡಗಣ್ಣು ಮುಚ್ಚಿ ಬಲಗಣ್ಣಿನಿಂದಲೇ ಮನುಷ್ಯರನ್ನು ನೋಡುವ ಅಭ್ಯಾಸ ಅವರದು. ನೋಡಿ ಮುಗಿಸಿ, "ಇದರಾಗ ಏನೋ ಅದ" ಎನ್ನುತ್ತಿದ್ದರು. ಚಹಾ ತೆಳ್ಳಗಿದ್ದರೂ ಅದೇ ಮಾತು, ಯಾದಗಿರಿ ಬಸ್ಸು ಹೊತ್ತಿಗೆ ಸರಿಯಾಗಿ ಬಂದರೂ ಅದೇ ಮಾತು.

ನಮ್ಮೂರ ಫುಟ್‌ಬಾಲ್ ತಂಡದ ಒಂದು ಆಟವನ್ನೂ ಅವರು ತಪ್ಪಿಸುತ್ತಿರಲಿಲ್ಲ. ಅಂಗಡಿಯ ಸ್ಟೂಲನ್ನು ಒಯ್ದು ನಮ್ಮ ಗೋಲಿನ ಹಿಂದೆಯೇ ಹಾಕಿಕೊಂಡು ಕೂರುತ್ತಿದ್ದರು. ಅರ್ಧ ಆಟ ಮುಗಿದು ತಂಡ ಕಡೆ ಬದಲಿಸಿದರೆ ಸ್ಟೂಲೂ ಆ ಕಡೆ ಹೋಗುತ್ತಿತ್ತು.

ಆ ವರ್ಷ ಮೂರು ಆಟಗಳಲ್ಲೂ ಅದೇ ಒಂದು ತಪ್ಪು. ಕಂಬದ ಕಡೆ ಮೆಲ್ಲಗೆ ಉರುಳಿ ಬಂದ ಚೆಂಡನ್ನು ಗೋಲ್‌ಕೀಪರ್ ಹಿಡಿಯದೆ ನೋಡುತ್ತ ನಿಲ್ಲುತ್ತಿದ್ದ, ಅದು ಒಳಗೆ ಹೋಗುತ್ತಿತ್ತು. ಅದನ್ನು ಎಷ್ಟು ಸಲ ಅಂತ ನೋಡುವುದು? ಸುರಪುರದವರ ಎದುರು ಸೋತ ಸಂಜೆ ಚಾಚಾ ಎಡಗಣ್ಣು ಮುಚ್ಚಿದರು. "ಅಂವ ಸುರಪುರದವ್ರ ಕೂಡ ಸೇರ್ಯಾನ. ಇದರಾಗ ಏನೋ ಅದ."

ನಾನು ಗೋಲ್‌ಕೀಪರನನ್ನೇ ಹಿಡಿದು ಕೇಳಿದೆ.

"‘ಬಿಡು, ಹೊರಗ ಹೊಂಟದ’ ಅಂತ ಹಿಂದಿನಿಂದ ಚಾಚಾನೇ ಒದರ್ತಾರ್ರಿ. ಹಿರೇರ ಮಾತು ಹ್ಯಾಂಗ ಮೀರೂದ್ರಿ?"

ಮರುದಿನ ಅಂಗಡಿಗೆ ಹೋಗಿ ಇದನ್ನು ಇದ್ದಂತೆ ಹೇಳಿದೆ. ಚಾಚಾ ಕೈಯಲ್ಲಿದ್ದ ವಾಚನ್ನು ಕೆಳಗಿಟ್ಟು, ಎಡಗಣ್ಣು ಮುಚ್ಚಿ, ಬಹಳ ಹೊತ್ತು ನನ್ನನ್ನೇ ನೋಡಿದರು.

"ನಿನ್ನ ಹೇಂತಿ ತವರುಮನಿ ಸುರಪುರ ಅಲ್ಲೇನು?"