ಗೇಟಿನಲ್ಲಿ ಮೂರು ಸಹಿ

ನಾನು ಹೊಟ್ಟೆಪಾಡಿಗೆ ಮಾಡುವ ಕೆಲಸ ಎಂಥದ್ದೆಂದು ನಮ್ಮ ಅತ್ತೆಯವರಿಗೆ ವಿವರಿಸಲು ಇವತ್ತಿಗೂ ಆಗಿಲ್ಲ. ಇಲ್ಲದ ಗಿರಾಕಿಗಳನ್ನು ಕಂಪ್ಯೂಟರಿನಲ್ಲಿ ಹುಟ್ಟಿಸಿ, ನೂರುಗಟ್ಟಲೆ ಒಟ್ಟಿಗೆ ಒಂದು ವೆಬ್‌ಸೈಟಿನೊಳಗೆ ನುಗ್ಗಿಸಿ, ಅದು ಎಷ್ಟು ಭಾರ ತಡೆಯುತ್ತದೆಂದು ನೋಡುವುದು. "ಇದಕ್ಕ ಪಗಾರನೂ ಕೊಡತಾರೇನು?" ಎಂದು ಒಮ್ಮೆ ಕೇಳಿದರು.

ಬ್ಯಾಂಕಿನಲ್ಲಿರುವ ಹೆಂಡತಿಗೆ ಸೂರತ್ತಿಗೆ ವರ್ಗವಾದಾಗ ನಾನೂ ಧಾರವಾಡದಿಂದ ಹಿಂದೆಯೇ ಬಂದು, ಅಡಾಜಣ್ ಬಡಾವಣೆಯಲ್ಲಿ ಮನೆ ಹಿಡಿದು, ಇಲ್ಲೇ ಒಂದು ಸಣ್ಣ ಕಂಪನಿ ಸೇರಿದೆ. ದೀಪಾವಳಿಗೆ ಮುಂಚೆ ಸೀರೆ ಮಾರುವ ಸೈಟೊಂದರ ಪರೀಕ್ಷೆ ನನ್ನ ಪಾಲಿಗೆ ಬಂತು. ಇನ್ನೂರು ಗಿರಾಕಿಗಳಿಗೇ ಅದು ಮಕಾಡೆ ಮಲಗಿತು. ಲಾಗಿನ್ ದುರ್ಬಲವಾಗಿದೆ ಎಂದು ಠೀವಿಯಿಂದ ವರದಿ ಬರೆದೆ. ಲಾಗಿನ್ ಭಾಗದ ಪ್ರೋಗ್ರಾಂ ಬರೆದವರು ನಮ್ಮ ಆಫೀಸಿನ ಹೇತಲ್‌ಬೆನ್. ಹಬ್ಬಕ್ಕೆ ವಡೋದರಾದ ತವರಿಗೆ ಟಿಕೆಟ್ ತೆಗೆಸಿದ್ದ ಆಕೆಯ ರಜೆ ರದ್ದಾಯಿತು. ಮುಖ ಸಣ್ಣದು ಮಾಡಿಕೊಂಡು ತಪ್ಪು ಹುಡುಕುತ್ತ ಕುಳಿತರು.

ಆ ಭಾನುವಾರ ಬೆಳಿಗ್ಗೆ ನಮ್ಮ ಸೊಸೈಟಿಯ ಗೇಟಿಗೆ ಹೊಸ ವಾಚ್‌ಮನ್ ಬಂದಿದ್ದ. ಗುರುತಿಲ್ಲದವರೆಲ್ಲ ರಿಜಿಸ್ಟರಿನಲ್ಲಿ ಹೆಸರು, ಫ್ಲಾಟು, ಫೋನ್ ನಂಬರು ಬರೆದು ಸಹಿ ಹಾಕಬೇಕು. ಅವನಿಗೋ ಯಾರ ಗುರುತೂ ಇರಲಿಲ್ಲ. ಕೊತ್ತಂಬರಿ ತಂದೆ, ಬರೆದೆ. ನಿಂಬೆಹಣ್ಣು ಮರೆತಿತ್ತು, ಹೋಗಿ ತಂದೆ, ಮತ್ತೆ ಬರೆದೆ. ಮೂರನೆಯ ಸಲ ಹಸಿಮೆಣಸಿನಕಾಯಿ ಹಿಡಿದು ಬರೆಯುವಾಗ ಹಿಂದೆ ಸ್ಕೂಟರುಗಳ ಸಾಲೇ ನಿಂತಿತ್ತು. ಲಿಫ್ಟು ಖಾಲಿ, ಮೆಟ್ಟಿಲು ಖಾಲಿ, ಗೇಟು ಮಾತ್ರ ಜಾಮ್. ಸಾಲಿನಲ್ಲಿದ್ದ ಹಿರಿಯರೊಬ್ಬರು ಹಾರ್ನ್ ಒತ್ತುವುದನ್ನು ಬಿಟ್ಟು ವಾಚ್‌ಮನ್ನಿಗೆ ಹಿಂದಿಯಲ್ಲಿ ತಿಳಿಹೇಳಿದರು: "ಭಾಯ್, ಒಂದು ಸಲ ನೋಡಿದೆಯಲ್ಲ, ಮುಖ ನೆನಪಿಟ್ಟುಕೋ."

ನಾನು ನಿಂತಲ್ಲೇ ನಿಂತೆ. ನನ್ನ ಪರೀಕ್ಷೆಯ ಸ್ಕ್ರಿಪ್ಟಿನ ಗಿರಾಕಿಯೂ ಒಂದೊಂದು ಸೀರೆ ನೋಡುವ ಮೊದಲೂ ಹೊಸದಾಗಿ ಪಾಸ್‌ವರ್ಡ್ ಹಾಕುತ್ತಿದ್ದ. ಹಾಗೆ ಬರೆದವನು ನಾನೇ. ಯಾವ ಹೆಣ್ಣುಮಗಳು ಹೀಗೆ ಸೀರೆ ಕೊಂಡಾಳು? ಪಾಸ್‌ವರ್ಡ್ ತಾಳೆ ನೋಡುವುದು ಸರ್ವರಿಗೆ ಬೇಕೆಂದೇ ಕಷ್ಟ ಮಾಡಿಟ್ಟ ಕೆಲಸ, ಕಳ್ಳರು ಸರಸರನೆ ಊಹಿಸಬಾರದಲ್ಲ. ಅದಕ್ಕೇ ಒಮ್ಮೆ ಒಳಗೆ ಬಿಟ್ಟವರಿಗೆ ಅದು ಟೋಕನ್ ಎಂಬ ಗುರುತಿನ ಚೀಟಿ ಕೊಡುತ್ತದೆ. ಕಿಸೆಯಲ್ಲಿಟ್ಟುಕೊಂಡು ತಿರುಗಾಡಬೇಕಾದ ಆ ಚೀಟಿಯನ್ನು ನಾನು ಪ್ರತಿ ಸಲವೂ ಎಸೆಯುತ್ತಿದ್ದೆ.

ಸೋಮವಾರ ತಿದ್ದಿದೆ. ಪ್ರತಿ ಗಿರಾಕಿಗೂ ತನ್ನದೇ ಹೆಸರು, ಬರುವಾಗ ಒಂದೇ ಲಾಗಿನ್, ಅದೂ ಒಬ್ಬರ ಹಿಂದೊಬ್ಬರು. ಚೀಟಿಯ ಅವಧಿ ಮುಗಿದರಷ್ಟೇ ಇನ್ನೊಮ್ಮೆ. ಸಾವಿರ ಜನ ಬಂದರೂ ಸೈಟು ತಣ್ಣಗಿತ್ತು. ನನಗೆ ಖುಷಿಯಾಯಿತು, ಅದಕ್ಕಿಂತ ಹೆಚ್ಚು ನಾಚಿಕೆಯಾಯಿತು. ತಪ್ಪು ನನ್ನದೆಂದು ಎಲ್ಲರೆದುರು ಒಪ್ಪಿಕೊಂಡೆ. ಹೇತಲ್‌ಬೆನ್‌ಗೆ ರಜೆ ವಾಪಸ್ ಸಿಕ್ಕಿತು.

ಆದರೂ ಮನಸ್ಸು ಕೇಳಬೇಕಲ್ಲ. ಕ್ಷಮೆ ಕೇಳಲು ಅವರ ಮೇಜಿನ ಬಳಿ ಅಂದೇ ನಾಲ್ಕು ಸಲ ಹೋದೆ. ನಾಲ್ಕನೆಯ ಸಲ ಆಕೆ ತಮ್ಮ ಡಬ್ಬಿಯಿಂದ ಮೆಂತ್ಯದ ರೊಟ್ಟಿ, ಒಂದು ಥೇಪ್ಲಾ, ತೆಗೆದು ನನ್ನ ಕೈಗಿಟ್ಟರು.

"ಭಾಯ್, ಮೊದಲನೇ ಸಲಾನೇ ಮಾಫ್ ಮಾಡಿದ್ದೀನಿ. ಮತ್ತೆ ಮತ್ತೆ ಯಾಕೆ ಲಾಗಿನ್ ಆಗ್ತೀರಿ?"

ಕ್ಷಮೆಯ ಚೀಟಿಯನ್ನು ಕಿಸೆಗಿಟ್ಟುಕೊಂಡೆ, ಥೇಪ್ಲಾ ತಿಂದೆ.