ಮೂರನೆಯ ಸಿಲಿಂಡರಿಗೆ ತೋರಿದ ದಯೆ

ಇಂದು ಬೆಳಗ್ಗೆ ಒಂದು ಸ್ಪಾರ್ಕ್ ಪ್ಲಗ್ ಬಿಚ್ಚಿ ಮೂಗಿನ ಹತ್ತಿರ ಹಿಡಿದೆ. ಒಣಗಿರಬೇಕಾದ ಅದರ ತುದಿ ಒದ್ದೆಯಾಗಿ ಕರ್ರಗೆ ಹೊಳೆಯುತ್ತಿತ್ತು. ಬೋಂಡ ಕರಿದ ಎಣ್ಣೆಯನ್ನು ಮರುದಿನ ಮತ್ತೆ ಕಾಯಿಸಿದಾಗ ಬರುತ್ತದಲ್ಲ, ಗಂಟಲಿನ ಹಿಂದೆ ಹೋಗಿ ಅಂಟಿಕೊಳ್ಳುವ ವಾಸನೆ, ಅಂಥದ್ದು. ವಿಮಾನ ದಿಂಡಿಗಲ್‌ನ ಒಬ್ಬ ವೈದ್ಯೆಯದು. ಎರಡೇ ಸೀಟು, ನಾಲ್ಕು ಸಿಲಿಂಡರು. ಆಯಿಲ್ ಕುಡಿಯುತ್ತಿದೆ ಎಂದು ತಂದು ನಮ್ಮ ಶೆಡ್ಡಿನಲ್ಲಿ ನಿಲ್ಲಿಸಿ, ಹೊರಗೆ ಬೇವಿನ ನೆರಳಿನಲ್ಲಿ ಫೋನು ನೋಡುತ್ತ ಕೂತಿದ್ದರು.

ಆ ವಾಸನೆಗೆ ನನಗೆ ನಮ್ಮ ದೊಡ್ಡಪ್ಪನ ನೆನಪಾಯಿತು ಎಂದು ಬರೆದರೆ ಚೆನ್ನಾಗಿರುತ್ತದೆ. ಆದರೆ ಮೊದಲು ನೆನಪಾದದ್ದು ಬೋಂಡ. ಆಮೇಲೆ, ತಿಂಡಿ ತಿಂದಿಲ್ಲ ಎನ್ನುವುದು. ದೊಡ್ಡಪ್ಪ ಬಂದದ್ದು ಅವೆರಡರ ಹಿಂದೆ. ನೆನಪು ಹೀಗೆ ಸಾಲು ತಪ್ಪಿ ನುಗ್ಗುತ್ತದೆ, ನಾವು ಬರೆಯುವಾಗ ಅದನ್ನು ಹಿಡಿದು ಸಾಲಿನಲ್ಲಿ ನಿಲ್ಲಿಸುತ್ತೇವೆ. ಇಲ್ಲಿ ನಾನು ಎಲ್ಲಿ ಸಾಲು ಮಾಡಿದ್ದೇನೆ ಎಂದು ಆಗಾಗ ಹೇಳುತ್ತೇನೆ. ನೀವು ಜೊತೆಗೆ ಬನ್ನಿ.

ದೊಡ್ಡಪ್ಪ ಬೋಡಿನಾಯಕನೂರಿನಲ್ಲಿ ಏಲಕ್ಕಿ ವ್ಯಾಪಾರಿ. ಮನೆ ಉತ್ತಮಪಾಳಯಂನಲ್ಲಿ, ಬಾಳೆತೋಟಕ್ಕೆ ಅಂಟಿಕೊಂಡಂತೆ. ವ್ಯಾಪಾರ ಕೈಹಿಡಿದಿದ್ದ ಕಾಲದಲ್ಲಿ ವಿಮಾನ ಓಡಿಸಲು ಕಲಿತು, ಯಾರೋ ಸಾಕಾಗಿ ಬಿಟ್ಟಿದ್ದ ಒಂದು ಹಳೆಯ ಎರಡು ಸೀಟಿನದನ್ನು ಕೊಂಡು, ದಿಂಡಿಗಲ್ ದಾರಿಯಲ್ಲಿ ಕಡಲೆಕಾಯಿ ಹೊಲಗಳ ನಡುವೆ ಇರುವ ಈ ಖಾಸಗಿ ಓಡುದಾರಿಯಲ್ಲಿ ಇಟ್ಟಿದ್ದರು. ನಾನು ಓದಿ ಲೈಸೆನ್ಸ್ ಪಡೆದು ಇಲ್ಲಿಗೆ ಎಂಜಿನಿಯರ್ ಆಗಿ ಬಂದಾಗ ಅವರಿಗೆ ಆದ ಸಂತೋಷ ನನ್ನ ಮೇಲಿನ ಪ್ರೀತಿಯಿಂದಲೋ, ವಿಮಾನಕ್ಕೆ ಮನೆಯಲ್ಲೇ ಒಬ್ಬ ಡಾಕ್ಟರು ಸಿಕ್ಕಳು ಎಂದೋ, ನಾನು ಕೇಳಲಿಲ್ಲ.

ಅವರ ಮಾತು ಬರುವ ಮುಂಚೆ ಒಂದು ವಿಷಯ. ನಮ್ಮದು ಕಂಬಂ ಕಣಿವೆಯ ಮನೆಗನ್ನಡ. ಎಷ್ಟೋ ತಲೆಮಾರುಗಳ ಹಿಂದೆ ಗಂಟುಮೂಟೆಯ ಜೊತೆ ಕನ್ನಡ ಸೀಮೆಯಿಂದ ಈ ತಮಿಳು ಸೀಮೆಗೆ ಇಳಿದುಬಂದದ್ದು. ದಾರಿಯಲ್ಲಿ ಹಕಾರ ಬಿದ್ದುಹೋಗಿದೆ, ತಮಿಳು ಬೇಕಾದಷ್ಟು ಸೇರಿದೆ. ನನಗಿಂತ ಚಿಕ್ಕವರು ಕೇಳಿಸಿಕೊಂಡು ನಗುತ್ತಾರೆ, ಉತ್ತರವನ್ನು ತಮಿಳಿನಲ್ಲಿ ಕೊಡುತ್ತಾರೆ.

ನಾನು ಇಲ್ಲಿಗೆ ಬಂದ ಮೇಲೆ ಒಂದು ವರ್ಷ ದೊಡ್ಡಪ್ಪನ ವಿಮಾನದ ಮೂರನೆಯ ಸಿಲಿಂಡರಿನಲ್ಲಿ ಸೀಳು ಕಂಡು, ಅದನ್ನು ತೆಗೆದು ಹೊಸದು ಹಾಕಿದ್ದೆ. ಅದಾದ ಮೇಲೆ ಆಯಿಲ್ ಕಡಿಮೆಯಾಗತೊಡಗಿತು. ಸ್ವಲ್ಪ ಸ್ವಲ್ಪ, ಆಮೇಲೆ ಜಾಸ್ತಿ. ದೊಡ್ಡಪ್ಪನ ಕಾರಿನ ಹಿಂದೆ ಏಲಕ್ಕಿ ಚೀಲಗಳ ಜೊತೆ ಆಯಿಲ್ ಡಬ್ಬಗಳು ಓಡಾಡಲಾರಂಭಿಸಿದವು. ಏಲಕ್ಕಿಗೆ ಬೇರೆ ವಾಸನೆ ಹತ್ತಿದರೆ ಕೊಳ್ಳುವವರು ಮೂಗು ಮುರಿಯುತ್ತಾರೆ. ಅಲ್ಲಿಗೆ ವಿಷಯ ದೊಡ್ಡಮ್ಮನ ಕಿವಿಗೆ ಬಿತ್ತು.

"ಏನ್ರೀ, ನಿಮ್ ವಿಮಾನ ಪೆಟ್ರೋಲಲ್ಲಿ ಓಡ್ತದೋ, ಆಯಿಲಲ್ಲಿ ಓಡ್ತದೋ?"

"ಕೊಂಜ ಕುಡೀತದೆ, ಒಂದೆರಡು ತೊಟ್ಟು. ಸರಿ ಆಗ್ತದೆ."

"ಕುಡಿಯೋನು ತಾನಾಗೇ ಸರಿ ಆಗಿದ್ದು ಎಲ್ಲಾನ ಕಂಡೀರಾ? ಮಾರ್ಬಿಡಿ."

ದೊಡ್ಡಮ್ಮ ತಮಾಷೆ ಮಾಡುತ್ತಿರಲಿಲ್ಲ. ಕೊಯಮತ್ತೂರು ಕಡೆಯ ಒಬ್ಬ ಬಂದು ರೆಕ್ಕೆಗಳನ್ನು ಬೆರಳ ಗೆಣ್ಣಿನಿಂದ ತಟ್ಟಿ ನೋಡಿ ಹೋದ. ಅವನಿಗೆ ಬೇಕಾದದ್ದು ಬಿಡಿಭಾಗಗಳು. ಕೊಂಡರೆ ಇಲ್ಲೇ ಬಿಚ್ಚಿ ಲಾರಿಯಲ್ಲಿ ಒಯ್ಯುತ್ತಾನೆ. ಕೊನೆಗೆ ದೊಡ್ಡಮ್ಮ ಊಟಕ್ಕೆ ಬಡಿಸುತ್ತ ತೀರ್ಪು ಕೊಟ್ಟರು. ಆಡಿ ತಿಂಗಳ, ಅಂದರೆ ಆಷಾಢದ, ಗಾಳಿ ಏಳುವ ಮೊದಲು ಆಯಿಲ್ ಕುಡಿಯುವುದು ನಿಲ್ಲಬೇಕು, ಇಲ್ಲವಾದರೆ ಲಾರಿ ಬರುತ್ತದೆ. ನನ್ನ ಕಡೆ ತಿರುಗಿ, "ನೀ ಸುಳ್ಳು ಸೈನ್ ಆಕ್ಬಾರ್ದು ಅಮ್ಮಣಿ" ಎಂದರು. ವಿಮಾನ ಹಾರಲು ಯೋಗ್ಯ ಎಂದು ಸೈನ್ ಹಾಕಬೇಕಾದವಳು ನಾನೇ, ಸುಳ್ಳು ಹಾಕುವಂತೆಯೂ ಇರಲಿಲ್ಲ. ಎಂಜಿನ್ ತಯಾರಿಸಿದವರು ಇಷ್ಟರ ಮೇಲೆ ಆಯಿಲ್ ಹೋದರೆ ಹಾರಬಾರದು ಎಂದು ಗೆರೆ ಎಳೆದಿರುತ್ತಾರೆ. ನಾವು ಆ ಗೆರೆಯ ಅಂಚಿನಲ್ಲಿದ್ದೆವು.

ನಾನು ಹುಡುಕಲು ಹೊರಟೆ. ಈಗ ಹೇಳುವಾಗ ಎಲ್ಲವೂ ಪುಸ್ತಕದ ಕ್ರಮದಲ್ಲಿ ಬರುತ್ತದೆ: ಮೊದಲು ಸೋರಿಕೆ, ಆಮೇಲೆ ಉಸಿರು, ಆಮೇಲೆ ಉರಿ. ನಿಜದಲ್ಲಿ ನಾನು ಹಟ ಹಿಡಿದ ಕೋಳಿಯಂತೆ ಒಂದೇ ಜಾಗವನ್ನು ಕೆದಕುತ್ತಿದ್ದೆ. ಎಂಜಿನ್ ತೊಳೆದು ಒರೆಸಿ, ಮೈಗೆಲ್ಲ ಟಾಲ್ಕಂ ಪೌಡರ್ ಉದುರಿಸಿ, ಓಡಿಸಿ ನಿಲ್ಲಿಸಿ, ಟಾರ್ಚ್ ಹಿಡಿದು ನೋಡಿದೆ. ಆಯಿಲ್ ಸೋರಿದರೆ ಬಿಳಿ ಪುಡಿಯ ಮೇಲೆ ಕಪ್ಪು ಗೆರೆ ಬೀಳುತ್ತದೆ. ಬಿದ್ದದ್ದು ನನ್ನ ಬೆವರಿನ ಗುರುತು. ಶೆಡ್ಡಿಗೆಲ್ಲ ಮಗುವಿಗೆ ಸ್ನಾನ ಮಾಡಿಸಿದ ಮನೆಯ ಪರಿಮಳ. ದೊಡ್ಡಪ್ಪ ಒಳಗೆ ಬಂದು, "ತೊಟ್ಲು ಎಲ್ಲಿ ಕಟ್ಟಿದ್ದೀಯ?" ಎಂದರು.

ಆಮೇಲೆ ಬ್ರೀದರ್ ಪೈಪು. ಎಂಜಿನ್ನಿನ ಹೊಟ್ಟೆಯ ಗಾಳಿ ಹೊರಹೋಗುವ ಕೊಳವೆ ಅದು. ಆಯಿಲನ್ನು ಕಂಠದವರೆಗೆ ತುಂಬಿಸಿದರೆ ಹೆಚ್ಚಾದದ್ದನ್ನು ಎಂಜಿನ್ ಅಲ್ಲಿಂದಲೇ ಉಗುಳಿಬಿಡುತ್ತದೆ. ಎಷ್ಟೋ ಜನ ಇದನ್ನು ರೋಗವೆಂದುಕೊಂಡು ದಿನವೂ ತುಂಬಿಸುತ್ತಾರೆ, ಅದು ದಿನವೂ ಉಗುಳುತ್ತದೆ. ಪೈಪಿನ ಬಾಯಿಗೆ ಬಾಟಲಿ ಕಟ್ಟಿ, ಮಟ್ಟವನ್ನು ಇಳಿಸಿ ನೋಡಿದೆವು. ಬಾಟಲಿಯಲ್ಲಿ ತಳ ಮುಚ್ಚುವಷ್ಟೂ ಸೇರಲಿಲ್ಲ.

ಸೋರುತ್ತಿಲ್ಲ, ಉಗುಳುತ್ತಿಲ್ಲ. ಹಾಗಾದರೆ ಉರಿಯುತ್ತಿದೆ. ಪ್ಲಗ್ಗುಗಳನ್ನು ಬಿಚ್ಚಿ ಸಾಲಾಗಿ ಇಟ್ಟೆ. ಬೇರೆಯವೆಲ್ಲ ಒಣಗಿದ್ದವು. ಮೂರನೆಯ ಸಿಲಿಂಡರಿನವು ಒದ್ದೆ. ಹೊಚ್ಚಹೊಸ ಸಿಲಿಂಡರು! ಗಾಳಿ ತುಂಬಿ ಒತ್ತಡ ಪರೀಕ್ಷಿಸಿದೆ, ಚೆನ್ನಾಗಿಯೇ ಹಿಡಿದುಕೊಂಡಿತ್ತು. ಇದಕ್ಕಿಂತ ಸಿಟ್ಟು ಬರಿಸುವ ಉತ್ತರ ಇನ್ನೊಂದಿಲ್ಲ. ರೋಗಿಯ ನಾಡಿ, ಜ್ವರ, ನಾಲಿಗೆ ಎಲ್ಲ ಸರಿ ಇದೆ, ರೋಗಿ ಮಾತ್ರ ಏಳುತ್ತಿಲ್ಲ.

ನೋಡಲು ಇನ್ನೇನೂ ಉಳಿಯದೆ, ಅವರು ಓಡಿಸುವುದನ್ನಾದರೂ ನೋಡೋಣ ಎಂದು ಪಕ್ಕದ ಸೀಟಿನಲ್ಲಿ ಕುಳಿತೆ. ಇಲ್ಲಿ ಒಂದು ಹೊಳಹು ಮಿಂಚಿತು ಎಂದು ನಾನು ಕೆಲವು ಕಡೆ ಹೇಳಿಕೊಂಡಿದ್ದೇನೆ. ಅಂಥದ್ದೇನೂ ಇಲ್ಲ. ನನಗೆ ಸಾಕಾಗಿತ್ತು, ಅಷ್ಟೆ.

ಬೆಳಗಿನ ತಂಪು. ದೊಡ್ಡಪ್ಪ ಎಂಜಿನ್ ಚಾಲೂ ಮಾಡಿ ನಿಂತಲ್ಲೇ ಬಹಳ ಹೊತ್ತು ಸಣ್ಣಗೆ ಓಡಿಸಿದರು. ಏರುವಾಗ ವಿಧಿಯಿಲ್ಲದೆ, ಎಂಜಿನ್ನಿಗೆ ಜೋರು ಕೊಡುವ ಥ್ರಾಟಲನ್ನು ಪೂರ್ತಿ ಒತ್ತಿದರು. ನೆಲ ಬಿಟ್ಟು ಸ್ವಲ್ಪ ಎತ್ತರಕ್ಕೆ ಬಂದದ್ದೇ ತಡ, ಮಲಗಿದ ಮಗುವಿನ ಮೇಲಿನ ನೊಣ ಓಡಿಸುವವರ ಹಾಗೆ ಅದನ್ನು ಮೆಲ್ಲಗೆ ಹಿಂದಕ್ಕೆ ಎಳೆದರು. ಎಂಜಿನ್ ಗುನುಗಲಾರಂಭಿಸಿತು. ಕೆಳಗೆ ವೈಗೈ ನದಿಯ ನೀರು, ಆಚೆ ಗಾಳಿಗಿರಣಿಗಳು. ನಾವು ಮದುವೆ ಮೆರವಣಿಗೆಯಂತೆ ಸಾಗುತ್ತಿದ್ದೆವು.

"ದೊಡ್ಡಪ್ಪ, ಯಾವಾಗ್ಲೂ ಇಂಗೇನಾ ಓಡ್ಸೋದು?"

"ಮೂರನೇದು ಬಂದ ಮೇಲೆ ಇಂಗೇ. ಒಸದು ಅಲ್ವಾ ಅಮ್ಮಣಿ? ಒಸ ಎತ್ತಿಗೆ ಯಾರಾನ ಭಾರ ಕಟ್ತಾರಾ?"

ನಮ್ಮವರಲ್ಲಿ ಎಳೆ ಹೋರಿಗೆ ನೊಗ ಕಲಿಸುವ ಕ್ರಮ ಒಂದಿದೆ. ಮೊದಮೊದಲು ಖಾಲಿ ನೊಗ. ಬಿಸಿಲೇರುವ ಮುಂಚೆ, ಹೊಲದ ಸುತ್ತ ಸುಮ್ಮನೆ ನಡಿಗೆ. ಕೋಲು ಮುಟ್ಟಿಸುವಂತಿಲ್ಲ, ಕೂಗುವಂತಿಲ್ಲ, ಮನೆಯ ಹಿರಿಯರು ಮುಂದೆ ನಡೆಯುತ್ತ ಮಾತಾಡಿಸುತ್ತಿರಬೇಕು. ಅವಸರಪಟ್ಟು ಭಾರ ಹೂಡಿದವನ ಮನೆಗೆ ಹೆಣ್ಣು ಕೊಡಲು ಹಿಂದೆಮುಂದೆ ನೋಡುವಷ್ಟು ಗಟ್ಟಿಯಾದ ರೂಢಿ. ಹೊಸ ಟ್ರ್ಯಾಕ್ಟರಿಗೂ ನಮ್ಮವರು ಮೊದಲ ದಿನಗಳಲ್ಲಿ ನೇಗಿಲು ಕಟ್ಟುವುದಿಲ್ಲ, ಊರು ಸುತ್ತಿಸುತ್ತಾರೆ. ದೊಡ್ಡಪ್ಪ ಅದನ್ನೇ ಸಿಲಿಂಡರಿಗೂ ಮಾಡಿದ್ದರು, ತಿಂಗಳುಗಟ್ಟಲೆ, ಮನಸ್ಸಿಟ್ಟು.

"ಒಸ ಸಿಲಿಂಡರು ಎಂಗೆ ಓಡ್ಸ್‌ಬೇಕು ಅಂತ ಅದನ್ನ ಮಾಡ್ದೋರು ಕೊಟ್ಟ ಪುಸ್ತಕ ಓದ್ಲಿಲ್ವಾ?"

"ಓದ್ದೆ. ಪೂರ್ತಿ ಜೋರಾಗಿ ಓಡ್ಸು ಅಂತ ಬರ್ದಿದ್ರು. ಅದು ಚಳಿ ದೇಶದೋರು ಬರ್ದಿದ್ದು. ಅವ್ರಿಗೆ ನಮ್ ಬಿಸ್ಲು ಗೊತ್ತಾ? ಪಾವಂ, ಎಳೇದು ಬೆಂದೋಗ್ತದೆ ಅಂತ ನಾನೇ ಕಮ್ಮಿ ಮಾಡ್ದೆ."

ಇಳಿದ ಮೇಲೆ ಪ್ಲಗ್ಗಿನ ತೂತಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿದೆ. ಹೊಸ ಸಿಲಿಂಡರಿನ ಒಳಗೋಡೆಯಲ್ಲಿ ಚಾಪೆ ಹೆಣಿಗೆಯಂತೆ ಅಡ್ಡಡ್ಡ ಸಣ್ಣ ಗೀರುಗಳಿರುತ್ತವೆ. ಬೇಕೆಂದೇ ಮಾಡಿದ ಗೀರುಗಳು. ಎಂಜಿನ್ ಜೋರಾಗಿ ದುಡಿದಾಗ ಉರಿಯ ಒತ್ತಡ ಪಿಸ್ಟನ್ನಿನ ಸುತ್ತ ಇರುವ ರಿಂಗುಗಳನ್ನು ಗೋಡೆಗೆ ಬಲವಾಗಿ ಒತ್ತುತ್ತದೆ. ರಿಂಗೂ ಗೋಡೆಯೂ ಒಂದನ್ನೊಂದು ಉಜ್ಜಿ ಹೊಂದಿಕೊಳ್ಳುತ್ತವೆ. ಆಮೇಲೆ ರಿಂಗು ಆಯಿಲನ್ನು ಬಳಿದು ಕೆಳಗೆ ಇಳಿಸುತ್ತದೆ. ಮೆಲ್ಲಗೆ ಓಡಿಸಿದರೆ ಆ ಒತ್ತಡವಿಲ್ಲ. ಆಯಿಲ್ ಗೀರುಗಳಲ್ಲೇ ಕೂತು, ಬೆಂದು, ಗಟ್ಟಿಯಾಗಿ ಗಾಜಿನಂತಾಗುತ್ತದೆ. ಕ್ಯಾಮೆರಾದಲ್ಲಿ ಕಂಡದ್ದು ಅದೇ: ಮುಖ ನೋಡಿಕೊಳ್ಳಬಹುದಾದಂಥ ನುಣ್ಣನೆಯ ಕನ್ನಡಿ. ರಿಂಗು ಅದರ ಮೇಲೆ ಜಾರುತ್ತಿತ್ತು, ಆಯಿಲ್ ಮೇಲಕ್ಕೆ ನುಸುಳಿ ಉರಿಯುತ್ತಿತ್ತು.

ಪರದೆಯನ್ನು ದೊಡ್ಡಪ್ಪನಿಗೆ ತೋರಿಸಿದೆ. ಅವರು ಕನ್ನಡಕ ತೆಗೆದು, ಹಾಕಿ, ಮತ್ತೆ ತೆಗೆದು ನೋಡಿದರು.

"ನಾ ಒಳ್ಳೇದು ಮಾಡ್ದೆ ಅಂದ್ಕೊಂಡಿದ್ದೆ."

ಬೇರೆ ಏನೋ ಸಮಾಧಾನ ಹೇಳಬಹುದಿತ್ತು. ನಾನು ಹೇಳಿದ್ದು, "ಇದನ್ನ ಬಿಚ್ಬೇಕು." ಗಾಳಿ ಏಳಲು ಹೆಚ್ಚು ದಿನ ಉಳಿದಿರಲಿಲ್ಲ.

ಬಿಚ್ಚಿದೆವು. ಗೋಡೆಯನ್ನು ಸಾಣೆಕಲ್ಲಿನಿಂದ ಮತ್ತೆ ಗೀರಿ, ಹೊಸ ರಿಂಗು ಹಾಕಿ, ಕೂರಿಸಿ, ಸಾದಾ ಮಿನರಲ್ ಆಯಿಲ್ ತುಂಬಿದೆವು. ಈ ಸಲ ನೆಲದ ಮೇಲೆ ಬಿಸಿ ಮಾಡುತ್ತ ನಿಲ್ಲುವಂತಿಲ್ಲ. ಏರಿದ ಕೂಡಲೇ, ಕೆಳಮಟ್ಟದಲ್ಲೇ, ಸತತವಾಗಿ ಜೋರಾಗಿ ಹಾರಬೇಕು. ಮತ್ತೆ ಕನ್ನಡಿಯಾದರೆ ಮೂರನೆಯ ಅವಕಾಶವಿಲ್ಲ, ಲಾರಿಯೇ. ಓಡಿಸಲು ಬೇರೆ ಯಾರನ್ನಾದರೂ ಕರೆಯೋಣ ಎಂದೆ. "ಕೆಡ್ಸಿದ್ದು ನನ್ ಕೈ. ಸರಿ ಮಾಡೋದೂ ಇದೇ ಕೈ. ನೀ ಒಳಗೆ ಅತ್ತು" ಎಂದು ಅವರು ಬಾಗಿಲು ತೆರೆದು ಹಿಡಿದರು.

ತೇನಿಯ ಅಂಚು ಹಿಡಿದು ಕಣಿವೆಯೊಳಗೆ ನುಗ್ಗಿದೆವು. ಎಂಜಿನ್ನಿನ ಅರಚಾಟಕ್ಕೆ ಹಲ್ಲುಗಳು ನಡುಗುತ್ತಿದ್ದವು. ಸಿಲಿಂಡರಿನ ಬಿಸಿ ತೋರಿಸುವ ಮುಳ್ಳು ಏರತೊಡಗಿತು. ದೊಡ್ಡಪ್ಪನ ಕೈ ಥ್ರಾಟಲಿನ ಕಡೆ ಹೋಯಿತು.

"ಬೇಡ ದೊಡ್ಡಪ್ಪ."

"ಮುಳ್ಳು ನೋಡು ಅಮ್ಮಣಿ!"

"ನೋಡ್ತಾ ಇವ್ನಿ. ಇನ್ನೂ ಜಾಗ ಐತೆ. ಕೈನ ಮಡ್ಲಲ್ಲಿ ಇಟ್ಕೊಳಿ."

"ನಿಂಗೆ ಕರುಣೆ ಇಲ್ಲ. ನಿಮ್ಮಪ್ಪನಂಗೇ. ಅವ್ನೂ ಚಿಕ್ಕೋನಾಗಿದ್ದಾಗ ಕೋಳಿಮರೀನ ಓಡ್ಸಾಡೋನು."

ಬಾಳೆತೋಟಗಳು, ದ್ರಾಕ್ಷಿ ಚಪ್ಪರಗಳು ಹೊಟ್ಟೆಯಡಿ ಹರಿದುಹೋದವು. ಉತ್ತಮಪಾಳಯಂ ದಾಟುವಾಗ ಅವರು ಮನೆಯ ಕಡೆ ನೋಡಲೂ ಇಲ್ಲ. ಕಣ್ಣು ಮುಳ್ಳಿನ ಮೇಲೆ, ಥ್ರಾಟಲಿನ ಕೈ ತೊಡೆಗಳ ನಡುವೆ ಬಿಗಿಯಾಗಿ. ಹಣೆಯ ಬೆವರನ್ನು ಭುಜಕ್ಕೆ ಒರೆಸಿಕೊಂಡರು. ನನಗೂ ಧೈರ್ಯ ಉಕ್ಕುತ್ತಿತ್ತು ಎಂದು ತಿಳಿಯಬೇಡಿ. ಗೆರೆಗೂ ಮುಳ್ಳಿಗೂ ನಡುವಿನ ಸಂದಿಯನ್ನು ಮನಸ್ಸಿನಲ್ಲೇ ಉಗುರಿನಿಂದ ಅಳೆಯುತ್ತಿದ್ದೆ. ಕಂಬಂ ಕಡೆಯ ಬೆಟ್ಟಗಳ ಮುಂದೆ ತಿರುಗಿ, ಬಂದ ದಾರಿಯಲ್ಲೇ ಹಿಂದಿರುಗಿ, ಮತ್ತೆ ತಿರುಗಿದೆವು. ಎಷ್ಟನೆಯ ಸುತ್ತಿನಲ್ಲೋ ಮುಳ್ಳು ನಿಂತಿತು. ಆಮೇಲೆ ಇಳಿಯಿತು. ಥ್ರಾಟಲನ್ನು ಯಾರೂ ಮುಟ್ಟಿರಲಿಲ್ಲ. ರಿಂಗುಗಳು ಗೋಡೆಗೆ ಕೂತಾಗ ಉಜ್ಜಾಟ ಕಡಿಮೆಯಾಗಿ ಬಿಸಿ ತಾನಾಗಿಯೇ ತಗ್ಗುತ್ತದೆ. ನಾನು ಓದಿ ತಿಳಿದಿದ್ದೆ, ಕಣ್ಣಾರೆ ಕಂಡಿರಲಿಲ್ಲ.

"ಕೂತ್ಕೊಂತಾ?" ಎಂದರು ದೊಡ್ಡಪ್ಪ.

"ಕೂತ್ಕೊಂತು."

ಆಮೇಲಿನ ಹಾರಾಟಗಳಲ್ಲಿ ಆಯಿಲ್ ಇಳಿಯುವುದು ತಗ್ಗಿ, ಒಂದು ಮಟ್ಟದಲ್ಲಿ ನಿಂತಿತು. ಪ್ಲಗ್ಗುಗಳು ಒಣಗಿದವು. ನಾನು ಸುಳ್ಳಿಲ್ಲದ ಸೈನ್ ಹಾಕಿದೆ. ದೊಡ್ಡಮ್ಮ ಓಡುದಾರಿಗೆ ಬಂದು ವಿಮಾನದ ಮೈ ಸವರಿದರು ಎಂದು ಬರೆಯಲು ಕೈ ತುರಿಸುತ್ತಿದೆ. ಅವರು ಯಾವತ್ತೂ ಇಲ್ಲಿಗೆ ಬಂದವರಲ್ಲ. ಕೊಯಮತ್ತೂರಿನವನಿಗೆ ಫೋನು ಮಾಡಿ, ಲಾರಿ ಬೇಡ ಎಂದು ತಮಿಳಿನಲ್ಲಿ ಹೇಳಿ ಇಟ್ಟರು. ಮಾತು ಕೊಟ್ಟಿದ್ದರು, ನಡೆಸಿದರು.

ಕಥೆ ಇಲ್ಲಿಗೆ ನಿಂತಿದ್ದರೆ ನನಗೂ ಸುಲಭವಾಗುತ್ತಿತ್ತು. ಆಡಿ ಗಾಳಿ ಬಂದು ಹೋದ ಮೇಲೆ ಒಂದು ಸಂಜೆ, ಊಟದ ಮುಂಚೆಯೋ ಆಮೇಲೆಯೋ, ದೊಡ್ಡಪ್ಪ ಇನ್ನು ತಾನು ಒಬ್ಬನೇ ಹಾರುವುದಿಲ್ಲ ಎಂದರು. ವಿಮಾನ ನನ್ನ ಹತ್ತಿರ ಇರಲಿ, ಕಲಿಯುವವರಿಗೆ ಕೊಡು ಎಂದರು. ಗಾಳಿಯ ದಿಕ್ಕು ತೋರಿಸುವ ಬಟ್ಟೆಚೀಲ ಅವರ ಕಣ್ಣಿಗೆ ಬಹಳ ದಿನಗಳಿಂದ ದೂರಕ್ಕೆ ಸರಿಯಾಗಿ ಕಾಣುತ್ತಿರಲಿಲ್ಲವಂತೆ.

ದೊಡ್ಡಮ್ಮನ ಕೈಯಲ್ಲಿದ್ದ ಸೌಟು ನಿಂತಿತು. ಗೆದ್ದವರ ಮುಖ ಅದಲ್ಲ.

"ಈಗ ಯಾಕೆ ನಿಲ್ಸ್ತೀರಾ? ಈಗ್ತಾನೆ ಸರಿ ಆಯ್ತಲ್ಲ?"

"ಅದ್ಕೇ" ಎಂದರು ದೊಡ್ಡಪ್ಪ. "ಅದು ಕೆಟ್ಟಿದ್ದಾಗ ಬಿಟ್ಟಿದ್ರೆ, ಅದ್ರಿಂದ ಬಿಟ್ಟೆ ಅಂತಿದ್ದೆ. ನನ್ ಕಣ್ಣಿನ ದೋಷಾನ ಅದ್ರ ಮೇಲೆ ಆಕೋದು ತಪ್ಪು."

ದೊಡ್ಡಮ್ಮ ಅವರ ತಟ್ಟೆಗೆ ಇನ್ನೊಂದು ಸೌಟು ಹುಳಿ ಬಡಿಸಿದರು; ಹಾಗಾದರೆ ಅದು ಊಟದ ನಡುವೆಯೇ ಇರಬೇಕು.

ಇಷ್ಟು ಬರೆಯುವಷ್ಟರಲ್ಲಿ ನನ್ನ ಟೀ ಆರಿದೆ. ಬೆಳಗ್ಗೆ ಏನಾಯಿತೆಂದು ಹೇಳುವುದು ಬಾಕಿ. ಹೊರಗಿನಿಂದ ವೈದ್ಯೆ ಫೋನು ಚೀಲಕ್ಕೆ ಹಾಕಿ ಬಂದು, ಏನೇನು ಬಿಚ್ಚುತ್ತೀರಿ ಎಂದು ತಮಿಳಿನಲ್ಲಿ ಕೇಳಿದರು. ಯಾವ ಕೆಟ್ಟ ಸುದ್ದಿಗೂ ಸಿದ್ಧವಾದ ಮುಖ. ನಾನು ಮೊದಲಾಗಿದ್ದರೆ ಆಗಲೇ ಸ್ಪಾನರ್ ಹಿಡಿದು ಅರ್ಧ ಎಂಜಿನ್ ನೆಲಕ್ಕೆ ಇಳಿಸಿರುತ್ತಿದ್ದೆ. ಪ್ಲಗ್ಗನ್ನು ಒರೆಸಿ, ಮತ್ತೆ ಕೂರಿಸಿ, ತಂತಿ ಸಿಕ್ಕಿಸಿ, ಆಯಿಲ್ ಮಟ್ಟ ನೋಡಿಕೊಂಡು, ಕವಚ ಮುಚ್ಚಿದೆ.

"ಇವತ್ತು ಏನೂ ಬಿಚ್ಚಲ್ಲ" ಎಂದೆ. "ನೀವು ದಿನಾ ಹೇಗೆ ಓಡಿಸ್ತೀರೋ ಹಾಗೇ ಓಡಿಸಿ. ನಾನು ಪಕ್ಕದಲ್ಲಿ ಕೂತಿರ್ತೀನಿ."

ಅವರು ನನ್ನನ್ನು ಅನುಮಾನದಿಂದ ನೋಡಿದರು. ನಾನು ಅಷ್ಟರಲ್ಲಿ ಬೆಲ್ಟು ಕಟ್ಟಿಕೊಂಡಾಗಿತ್ತು.