ಹಿಂದಿನವನ ಸಿಳ್ಳೆ

ದೆವ್ವದ ಕಥೆ ಹೇಳುವವರನ್ನು ಅಣಕಿಸುತ್ತಲೇ ಬೆಳೆದವನು ನಾನು. ಹಳಿಯಾಳದ ನಮ್ಮ ಮನೆಗೆ ಬರುತ್ತಿದ್ದ ಸೋದರತ್ತೆ ಹುಣಸೆಮರದ ಹೆಂಗಸಿನ ಕಥೆ ಮುಗಿಸುವ ಮೊದಲೇ ನಾನು ಆ ಹೆಂಗಸಿನ ನಗುವನ್ನೂ, ಹೆದರಿ ಓಡಿದ ಸೋದರತ್ತೆಯ ಏದುಸಿರನ್ನೂ ಮಾಡಿ ತೋರಿಸಿ ಬೈಸಿಕೊಳ್ಳುತ್ತಿದ್ದೆ. ಈಗ ನಾನೇ ಅಂಥದೊಂದನ್ನು ಬರೆಯಲು ಕೂತಿದ್ದೇನೆ. ನೀವು ನಕ್ಕರೆ ತಪ್ಪಿಲ್ಲ. ಬೇರೆಯವರು ಬರೆದಿದ್ದರೆ ನಾನೂ ನಗುತ್ತಿದ್ದೆ.

ಕೆಲವು ವರ್ಷಗಳ ಹಿಂದಿನ ಮಾತು. ಧಾರವಾಡದಲ್ಲಿ ಪ್ರವಾಸೋದ್ಯಮದ ಎಂ.ಎ. ಓದುತ್ತಿದ್ದೆ. ಅದರಲ್ಲಿ ಪರಿಸರ ಪ್ರವಾಸ ನಾನು ಆರಿಸಿಕೊಂಡ ವಿಷಯ. ಆ ಹೆಸರು ಆಗಷ್ಟೇ ನಮ್ಮ ಕಡೆ ಕೇಳಿಬರತೊಡಗಿತ್ತು. ಅಪ್ಪನಿಗೆ ಪೇಟೆಯಲ್ಲಿ ಹಗ್ಗ, ಕುಡುಗೋಲು, ಗುದ್ದಲಿ ಮಾರುವ ಅಂಗಡಿ ಇದೆ. ನಾನು ಓದುವುದು ಏನೆಂದು ತಿಳಿದ ದಿನ ಗಿರಾಕಿಗಳ ಮುಂದೆಯೇ ಕೇಳಿದ್ದ: "ಅಡ್ಡಾಡೂದು ಕಲ್ಯಾಕ ಕಾಲೇಜ್ ಯಾಕ ಬೇಕಲೇ? ಹಂಗಾರ ನಮ್ಮ ಓಣಿ ದನಾ ಎಲ್ಲಾ ಎಂ.ಎ. ಆಗ್ತಿದ್ವು." ಈ ಮಾತನ್ನು ನಾನು ಅಪ್ಪನ ದನಿಯಲ್ಲೇ ಹಾಸ್ಟೆಲಿನಲ್ಲಿ ಎಷ್ಟು ಸಲ ಆಡಿ ತೋರಿಸಿದೆನೆಂದರೆ, ಗೆಳೆಯರಿಗೆ ಅಪ್ಪ ಕಣ್ಣಾರೆ ಕಂಡಷ್ಟು ಪರಿಚಿತನಾಗಿದ್ದ.

ನಮ್ಮ ಪ್ರಾಧ್ಯಾಪಕರು ಮಾತ್ರ ಇದು ಕಾಡು ಉಳಿಸುತ್ತ ಅನ್ನ ತಿನ್ನುವ ವಿದ್ಯೆ ಎನ್ನುತ್ತಿದ್ದರು. ಗೈಡ್ ಆಗಬಹುದು, ಕಾಡಿನ ಅಂಚಿನಲ್ಲಿ ವಸತಿ ನಡೆಸಬಹುದು, ಹಳ್ಳಿಯವರಿಗೆ ತರಬೇತಿ ಕೊಡಬಹುದು. ಅವರು ನಮ್ಮನ್ನು ಅತ್ತಿವೇರಿಗೆ ಹಕ್ಕಿ ನೋಡಲು ಒಯ್ದರು. ಅಲ್ಲಿಂದ ಮುಂಡಗೋಡದ ಟಿಬೆಟನ್ ಕಾಲೊನಿಗೆ ಹೋಗಿ ಮೊಮೊ ತಿಂದು ಬಂದೆವು. ಓದು ಮುಗಿಯುವ ಹೊತ್ತಿಗೆ ಒಬ್ಬ ಗೋವಾದ ಹೋಟೆಲಿನ ಕೌಂಟರ್ ಸೇರಿದ, ಇನ್ನೊಬ್ಬಳು ಹುಬ್ಬಳ್ಳಿಯಲ್ಲಿ ಟಿಕೆಟ್ ಬುಕಿಂಗ್ ಆಫೀಸು ಸೇರಿದಳು, ಉಳಿದವರು ಬ್ಯಾಂಕ್ ಪರೀಕ್ಷೆಗೆ ಕೂತರು. ಕಾಡಿಗೆ ಹೋದವನು ನಾನೊಬ್ಬನೇ. ಕುಳಗಿ ದಾಟಿ ಜೊಯಿಡಾ ಕಡೆಗಿದ್ದ ಒಂದು ಖಾಸಗಿ ಕ್ಯಾಂಪಿನಲ್ಲಿ ತರಬೇತಿಗೆ ಸೇರಿಕೊಂಡೆ.

ಮಾಲೀಕರು ಮೊದಲ ದಿನವೇ ಹೇಳಿದ್ದರು: "ಸೀಜನ್ ಮುಗಿಯೂತನಕ ನೋಡ್ತೇನಿ. ಹೋದಷ್ಟೂ ಮಂದೀನ್ನ ಹೊಳ್ಳಿ ತಂದ್ರ ಕೆಲಸ ನಿಂದು. ಒಬ್ರು ಕಡಿಮಿ ಆದ್ರೂ ನಿಮ್ಮಪ್ಪನ ಅಂಗಡಿ ಐತಿ."

ಕೆಲಸ ಕಷ್ಟದ್ದೇನಲ್ಲ. ಕಷ್ಟವೆಂದರೆ ಸಂಜೆ. ಪ್ರವಾಸಿಗರು ಬರುತ್ತಿದ್ದರು, ಬೆಂಕಿಯ ಸುತ್ತ ಕೂತು ನನ್ನಿಂದ ಮುಸಿಯಾ ಮಂಗ, ನವಿಲು, ಮಂಗಟ್ಟೆ ಹಕ್ಕಿ, ಕೊನೆಗೆ ಅವರದೇ ಡ್ರೈವರನ ದನಿ ಮಾಡಿಸಿ ಹೊಟ್ಟೆ ಹಿಡಿದು ನಗುತ್ತಿದ್ದರು. ಮರುದಿನ ಜೀಪು ಹತ್ತಿ ಹೋದರೆ ಮುಗಿಯಿತು. ಒಬ್ಬರಿಗೂ ನನ್ನ ಹೆಸರು ನೆನಪಿರುತ್ತಿರಲಿಲ್ಲ. ಆಮೇಲೆ ಉಳಿಯುತ್ತಿದ್ದದ್ದು ನಾನು ಮತ್ತು ಕ್ಯಾಂಪಿನ ಆಳು ವಿಠ್ಠೂ ಮಾಮಾ. ಅವನು ಜೊಯಿಡಾದ ಕೊಂಕಣಿ ಮಾತಿನವನು, ರಕ್ತ ಹೀರುವ ಇಂಬಳಕ್ಕೆ ಹೆದರಿ ಬೇಸಿಗೆಯಲ್ಲೂ ಕಾಲಿಗೆ ಗೋಣಿಚೀಲ ಸುತ್ತುವವನು. ಉಂಡ ಕೂಡಲೇ ರೇಡಿಯೊ ಕಿವಿಗೆ ಒತ್ತಿಕೊಂಡು ಗೋಡೆಯ ಕಡೆ ಹೊರಳಿಬಿಡುತ್ತಿದ್ದ. ನಾನು ಹೊರಗೆ ಕೂತು ಹಾಸ್ಟೆಲಿನ ಗೆಳೆಯರ ದನಿಗಳನ್ನು ಒಂದೊಂದಾಗಿ ಮಾಡುತ್ತಿದ್ದೆ. ಪ್ರಶ್ನೆಯೂ ನನ್ನದೇ, ಉತ್ತರವೂ ನನ್ನದೇ. ಬರೆಯುವಾಗ ನಗು ಬರುತ್ತದೆ, ಆಗ ಬರುತ್ತಿರಲಿಲ್ಲ.

ಕಾಡಿನ ನಡಿಗೆಗೆ ನಮ್ಮದೊಂದು ಪದ್ಧತಿಯಿತ್ತು. ಮುಂದೆ ನಾನು, ಎಲ್ಲರ ಹಿಂದೆ ವಿಠ್ಠೂ ಮಾಮಾ. ಕೂಗಿದರೆ ಪ್ರಾಣಿಗಳು ಬೆದರುತ್ತವೆಂದು ಸಿಳ್ಳೆಯಲ್ಲೇ ವ್ಯವಹಾರ. ತಿರುವು ಬಂದಲ್ಲೆಲ್ಲ ಮುಂದಿನವನು ಸಿಳ್ಳೆ ಹಾಕಬೇಕು, ಹಿಂದಿನವನು ಓಗೊಡಬೇಕು. ಉತ್ತರ ಬಂತೆಂದರೆ ನಡುವಿನವರೆಲ್ಲ ಇದ್ದಾರೆಂದು ಅರ್ಥ. ಬರದಿದ್ದರೆ ನಿಲ್ಲಬೇಕು. ವಿಠ್ಠೂ ಮಾಮಾ ಎರಡು ಬೆರಳು ಬಾಯಲ್ಲಿಟ್ಟು ಊದುತ್ತಿದ್ದ. ಮುಂದಿನ ಹಲ್ಲೊಂದು ಇಲ್ಲದ್ದರಿಂದ ಸಿಳ್ಳೆಯ ಕೊನೆಯಲ್ಲಿ ಗಾಳಿ ಸೋರುತ್ತಿತ್ತು. ನಾನು ಅದನ್ನೂ ಅಣಕಿಸಿ ಅವನಿಂದ ಗುದ್ದು ತಿಂದಿದ್ದೆ.

ನಾನು ಹೇಳಹೊರಟ ದಿನದ ಗುಂಪಿನಲ್ಲಿ ಹುಬ್ಬಳ್ಳಿಯ ಸರೋಜಾಬಾಯಿ ಇದ್ದರು. ನಿವೃತ್ತ ಶಿಕ್ಷಕಿ, ಅಣ್ಣನ ಮಗನ ಕುಟುಂಬದ ಜೊತೆ ಬಂದಿದ್ದರು. ಹಿಂದಿನ ಸಂಜೆ ನನ್ನ ಆಟವೆಲ್ಲ ನೋಡಿ, "ತಮ್ಮಾ, ಉಳದದ್ದಕ್ಕೆಲ್ಲಾ ಭಾಳ ಕಷ್ಟಪಟ್ಟಿ. ಮಂಗ್ಯಾಂದು ಮಾತ್ರ ಸಲೀಸ ಬಂತು ನೋಡು" ಎಂದಿದ್ದರು. ಅವರಿಗೆ ದಮ್ಮಿನ ಕಾಯಿಲೆಯಿತ್ತು. ಉಸಿರು ಕಟ್ಟಿದಾಗ ಎಳೆದುಕೊಳ್ಳುವ ಪಂಪು ಅಣ್ಣನ ಮಗನ ಚೀಲದಲ್ಲಿತ್ತು. ಅವನು ಕ್ಯಾಮೆರಾ ಹಿಡಿದು ನನ್ನ ಬೆನ್ನಿಗೇ ಅಂಟಿಕೊಂಡು ನಡೆಯುತ್ತಿದ್ದ.

ಮರಳುವ ದಾರಿಯಲ್ಲಿ ಪ್ರತಿ ತಿರುವಿಗೂ ನಾನು ಸಿಳ್ಳೆ ಹಾಕಿದೆ. ಪ್ರತಿ ಸಲವೂ ಹಿಂದಿನಿಂದ ಉತ್ತರ ಬಂತು, ಕೊನೆಯಲ್ಲಿ ಸೋರುವ ಗಾಳಿಯ ಸಮೇತ. ಒಮ್ಮೆಯೂ ತಪ್ಪಲಿಲ್ಲ. ಕ್ಯಾಂಪಿನ ಬೇಲಿಯ ಹತ್ತಿರ ಬಂದು ತಿರುಗಿ ನೋಡಿದರೆ ಸರೋಜಾಬಾಯಿ ಇಲ್ಲ, ವಿಠ್ಠೂ ಮಾಮಾನೂ ಇಲ್ಲ. ಅವರ ಮುಂದಿದ್ದವರನ್ನು ಕೇಳಿದರೆ, "ಹಿಂದ ಸಿಳ್ಳೆ ಕೇಳತಿತ್ತಲ್ರಿ" ಎಂದರು. ಅಣ್ಣನ ಮಗ ಚೀಲದಿಂದ ಪಂಪು ತೆಗೆದು ನನ್ನ ಕೈಗಿಟ್ಟ. "ಅತ್ತೀಗೆ ಇದು ಇಲ್ಲದ ಆಗೂದಿಲ್ರಿ," ಎಂದ. ಹೊತ್ತು ಮುಳುಗುತ್ತಿತ್ತು. ಮಾಲೀಕರು ದಾಂಡೇಲಿಗೆ ಹೋಗಿದ್ದರು. ದಾರಿ ಬಲ್ಲವನು ನಾನೊಬ್ಬನೇ, ಓಡಿದೆ.

ಮರಗಳ ಕೆಳಗೆ ಆಗಲೇ ಮಬ್ಬು. ಹಳೆಯ ಗಾಡಿ ದಾರಿ ಎರಡಾಗುವ ಕಡೆ ನಿಲ್ಲಬೇಕಾಯಿತು. ನಾವು ಬಂದದ್ದು ಬಲಗಡೆಯಿಂದ. ಎಡಗಡೆಯದು ಹಳ್ಳಕ್ಕೆ ಇಳಿಯುವ ಅಡ್ಡದಾರಿ. ಸುಸ್ತಾದವರನ್ನು ವಿಠ್ಠೂ ಮಾಮಾ ಅದರಲ್ಲಿ ಕರೆತರುವುದೂ ಇತ್ತು. ತಪ್ಪು ದಾರಿ ಹಿಡಿದರೆ ಹೊರಳಿ ಬರುವಷ್ಟರಲ್ಲಿ ಸರೋಜಾಬಾಯಿಯವರ ಉಸಿರು ಎಲ್ಲಿರುತ್ತದೋ. ಸಿಳ್ಳೆ ಹಾಕಿದೆ.

ಎರಡು ಉತ್ತರ ಬಂದವು. ಬಲಗಡೆಯಿಂದ ಒಂದು, ಎಡಗಡೆಯಿಂದ ಒಂದು, ಹೆಚ್ಚುಕಡಿಮೆ ಒಂದೇ ಉಸಿರಿಗೆ. ಎರಡೂ ವಿಠ್ಠೂ ಮಾಮಾನ ಸಿಳ್ಳೆಯೇ.

ಮತ್ತೆ ಹಾಕಿದೆ, ಮತ್ತೆ ಎರಡೂ ಬಂದವು. ಆಗ ನನ್ನ ಕಸುಬು ನೆರವಿಗೆ ಬಂತು. ಅಣಕಿಸುವವನು ಯಾವಾಗಲೂ ತುಸು ಹೆಚ್ಚು ಮಾಡುತ್ತಾನೆ. ಅಪ್ಪನ ಕೆಮ್ಮನ್ನು ಅಪ್ಪನಿಗಿಂತ ನಾನೇ ಚೆನ್ನಾಗಿ ಕೆಮ್ಮುತ್ತೇನೆ. ಬಲಗಡೆಯ ಸಿಳ್ಳೆಯಲ್ಲಿ ಗಾಳಿ ಬೇಕಂತಲೇ ಸೋರುತ್ತಿತ್ತು. ಎಡಗಡೆಯದು ಸಪ್ಪೆಯಾಗಿತ್ತು, ದಣಿದಿತ್ತು. ಅಸಲಿ ಅದೇ ಎಂದುಕೊಂಡು ಎಡಕ್ಕೆ ಇಳಿದೆ.

ಹಳ್ಳದ ಪಕ್ಕ, ಬಿದಿರ ಮೆಳೆಯ ಹತ್ತಿರ ಅವರಿದ್ದರು. ಸರೋಜಾಬಾಯಿ ಬಂಡೆಗೆ ಒರಗಿ, ಮೀನಿನ ಹಾಗೆ ಬಾಯಿ ತೆರೆದು ಗಾಳಿ ಎಳೆಯುತ್ತಿದ್ದರು. ವಿಠ್ಠೂ ಮಾಮಾನ ಒಂದು ಕೈ ಅವರ ಮುಷ್ಟಿಯಲ್ಲಿತ್ತು, ಇನ್ನೊಂದು ಅವರ ಬೆನ್ನು ತಿಕ್ಕುತ್ತಿತ್ತು. ಪಂಪು ಕೊಟ್ಟೆ. ಸ್ವಲ್ಪ ಹೊತ್ತಿಗೆ ಅವರ ಮುಖಕ್ಕೆ ಬಣ್ಣ ಬಂತು. ಆಮೇಲೆ ನಾನು, "ಛಲೋ ಆತು ಮಾಮಾ, ನೀ ಸಿಳ್ಳಿ ಹಾಕಿದಿ. ಇಲ್ಲಾಂದ್ರ ಬಲಕ್ಕ ಹೋಗಿಬಿಡ್ತಿದ್ದೆ" ಎಂದೆ.

"ನಾ ಎಲ್ಲಿ ಹಾಕಿದೆ?" ಎಂದ ವಿಠ್ಠೂ ಮಾಮಾ. ಅವನ ದನಿ ಪಿಸುಗುಟ್ಟುವಷ್ಟು ಸಣ್ಣಗಿತ್ತು. "ಬಾಯಾರು ಕೂತಬಿಟ್ರು. ನೀ ಮುಂದಿಂದ ಹಾಕಿದಿ. ನಾ ಬಾಯಿಗೆ ಬೆರಳ ಇಡೂದರಾಗ ನನ್ನ ಸಿಳ್ಳಿ ನನ್ನ ಮುಂದ ಕೇಳ್ತು. ಅಡವ್ಯಾಗ ತನ್ನ ದನಿ ತಾ ಕೇಳಿದರ ಬಾಯಿ ಬಿಡಬಾರದು ಬಾಬಾ. ನಮ್ಮ ಮಂದಿ ಯಾರೂ ಬಿಡೂದಿಲ್ಲ. ಬಾಯಾರನ್ನ ಬಿಟ್ಟು ಓಡಿ ಬರಾಕೂ ಆಗಲಿಲ್ಲ. ಹಳ್ಳದ ನೀರರ ಕುಡಸೂಣು ಅಂತ ಇತ್ತ ಕರಕೊಂಡು ಬಂದೆ."

"ಅವಾಗಿಂದ ಒಂದೂ ಹಾಕಿಲ್ಲ?"

"ಅಂವ ಹಾಕಿಲ್ಲ ತಮ್ಮಾ," ಎಂದರು ಸರೋಜಾಬಾಯಿ, ತಡೆತಡೆದು. "ನನ್ನ ಕೈ ಬಿಟ್ಟೇ ಇಲ್ಲ. ಈಗ ಹಾಕಿದಾಂವ ನಿಮ್ಮ ಇನ್ನೊಬ್ಬ ಆಳು. ಆಗಿಂದ ಈ ಬಿದಿರಿನ ಹಿಂದ ಕೂತಾನಲ್ಲಾ. ಅವನ್ನೂ ಕರೀರಿ, ಕತ್ತಲಾತು."

ನಮ್ಮಲ್ಲಿ ಇನ್ನೊಬ್ಬ ಆಳು ಇರಲಿಲ್ಲ. ನಾನು ಬಿದಿರಿನ ಹಿಂದೆ ಹೋಗಿ ನೋಡಿದೆ. ತರಗೆಲೆ, ಒಂದಿಷ್ಟು ಕಲ್ಲು. ವಿಠ್ಠೂ ಮಾಮಾ ನೋಡಲೂ ಇಲ್ಲ. ಇಬ್ಬರೂ ಸೇರಿ ಬಾಯಾರನ್ನು ನಡುವೆ ಹಿಡಿದುಕೊಂಡು ಕ್ಯಾಂಪಿಗೆ ಬಂದೆವು.

ಪ್ರಾಧ್ಯಾಪಕರಿಗೆ ಹೇಳಿದಾಗ ಅವರು ನಕ್ಕು, ಉದ್ದ ಬಾಲದ ಕಾಜಾಣ ಯಾವ ಹಕ್ಕಿಯ ಕೂಗನ್ನಾದರೂ, ಮನುಷ್ಯರ ಸಿಳ್ಳೆಯನ್ನಾದರೂ ಅನುಕರಿಸಬಲ್ಲದು ಎಂದರು. ಅದು ನನಗೂ ಗೊತ್ತು; ಪರೀಕ್ಷೆಯಲ್ಲಿ ಬರೆದು ಅಂಕ ಗಿಟ್ಟಿಸಿದ್ದೇನೆ. ದಾರಿಯುದ್ದಕ್ಕೂ ನಮ್ಮನ್ನು ಮೋಸಗೊಳಿಸಿದ್ದು ಕಾಜಾಣವೇ ಇರಬಹುದು, ಒಪ್ಪುತ್ತೇನೆ. ಆದರೆ ಎಡಗಡೆಯಿಂದ ಬಂದದ್ದು? ಒಂದು ಸಿಳ್ಳೆ ಅವರನ್ನು ನನ್ನಿಂದ ತಪ್ಪಿಸಿತು, ಇನ್ನೊಂದು ಅವರ ಬಳಿಗೆ ಕರೆದೊಯ್ದಿತು. ಎರಡನೆಯದನ್ನು ಅಸಲಿ ಎಂದು ನಂಬಿದವನು ನಾನು, ದನಿಗಳ ಪಂಡಿತ. ಕಾಡಿನಲ್ಲಿ ನನಗಿಂತ ದೊಡ್ಡ ಕಲಾವಿದರು ಇದ್ದಾರೆ ಎಂಬುದಷ್ಟೇ ನನಗೆ ಖಚಿತವಾಗಿರುವುದು.

ಸೀಜನ್ ಮುಗಿದಾಗ ಮಾಲೀಕರು, "ಇರ್ತೀಯೇನು?" ಎಂದರು. "ಇರ್ತೇನ್ರಿ," ಎಂದೆ. ಕಾಡಿನ ಮೇಲಿನ ಪ್ರೀತಿ ಎಂದುಕೊಂಡರು ಪ್ರಾಧ್ಯಾಪಕರು, ತಲೆ ಕೆಟ್ಟಿದೆ ಎಂದ ಅಪ್ಪ. ವಿಠ್ಠೂ ಮಾಮಾ ಆ ವರ್ಷವೇ ಕೆಲಸ ಬಿಟ್ಟು ಊರಿಗೆ ಹೋದ. ಮಳೆಗಾಲದಲ್ಲಿ ಕ್ಯಾಂಪು ಮುಚ್ಚಿ ನಾನೊಬ್ಬನೇ ಕಾವಲಿಗೆ ಉಳಿದಾಗ, ಮಳೆ ಬಿಡುವು ಕೊಟ್ಟ ಸಂಜೆಗಳಲ್ಲಿ ಗಾಡಿ ದಾರಿ ಎರಡಾಗುವ ಕಡೆ ಹೋಗಿ ಸಿಳ್ಳೆ ಹಾಕಿ ಕಾಯುತ್ತೇನೆ. ಉತ್ತರ ಬಂದರೆ ಓಡಿಬಿಡುತ್ತೇನೆಂದು ನನಗೆ ಗೊತ್ತು. ಆದರೂ ಬರದಿದ್ದಾಗ ಇನ್ನಷ್ಟು ಹೊತ್ತು ನಿಂತೇ ಇರುತ್ತೇನೆ.